ಲೈಟ್ ಹಾಕಿ ಸ್ವಾಮಿ!

ಮಾನ್ಯ ಸಂಪಾದಕರೇ,

ಈಚಿನ ಕ್ರೈಂ ಥ್ರಿಲ್ಲರ್‌ಗಳಲ್ಲಿ ಕೊಲೆಗಾರನಿಗಿಂತ ಮೊದಲು ಪತ್ತೆ ಹಚ್ಚಬೇಕಾದದ್ದು ಸ್ವಿಚ್ಚನ್ನು. ಹೆಣ ಬಿದ್ದ ಮನೆಗೆ ಬರುವ ಪತ್ತೇದಾರ ಲೈಟ್ ಹಾಕುವುದೇ ಇಲ್ಲ. ಟಾರ್ಚ್ ಹಿಡಿದು ಗೋಡೆಗೆ, ಸೂರಿಗೆ, ಕೊನೆಗೆ ನಮ್ಮ ಕಣ್ಣಿಗೂ ಬಿಡುತ್ತಾನೆ. ಫ್ರಿಜ್ ಬಾಗಿಲು ತೆರೆದಾಗಷ್ಟೇ ನಾಯಕನ ಮುಖದರ್ಶನ, ಅದೂ ಅರ್ಧ ಗಡ್ಡದಲ್ಲಿ ಮುಚ್ಚಿಹೋಗಿರುತ್ತದೆ. 1940ರ ದಶಕದ ಹಾಲಿವುಡ್ ನುವಾರ್ (ನೆರಳು-ಬೆಳಕಿನ ಕರಾಳ ಅಪರಾಧ ಕಥೆಗಳ) ಚಿತ್ರಗಳಲ್ಲೂ ಕತ್ತಲಿತ್ತು, ನಿಜ. ಆದರೆ ಕಿಟಕಿ ಪಟ್ಟಿಗಳ ನೆರಳು ಬಿದ್ದರೂ ಅದು ಯಾರ ಮುಖವೆಂದು ತಿಳಿಯುತ್ತಿತ್ತು. ಈಗ ಕ್ಲೈಮ್ಯಾಕ್ಸ್‌ನಲ್ಲಿ ಗುಂಡು ಹಾರಿ ಒಬ್ಬ ಬಿದ್ದರೆ, ಸತ್ತದ್ದು ಖಳನೋ ನಾಯಕನೋ ಎಂದು ಪಕ್ಕದ ಸೀಟಿನವರನ್ನು ಕೇಳಬೇಕು. ಪಾಪ, ಅವರಿಗೂ ಗೊತ್ತಿರುವುದಿಲ್ಲ. ಕತೆ ಎಷ್ಟಾದರೂ ಕರಾಳವಾಗಿರಲಿ, ಬೇಡವೆನ್ನುವುದಿಲ್ಲ. ಒಂದು ಬಲ್ಬಿನ ಖರ್ಚನ್ನಾದರೂ ನಿರ್ಮಾಪಕರು ಮಂಜೂರು ಮಾಡಲಿ.

– ಒಬ್ಬ ಪ್ರೇಕ್ಷಕ