ಎರಡೇ ಅಕ್ಷರ ಉಳಿದ ಹೆಸರು

ಪ್ರಿಯ ಗೆಳೆಯ,

ಒಡೆದ ಕಲ್ಲಿನಲ್ಲಿ ಇಲ್ಲದ ಅಕ್ಷರಗಳನ್ನು ಓದುವುದಾದರೂ ಹೇಗೆ ಎಂದು ಕೇಳಿದ್ದೆ. ಅಥೆನ್ಸಿನ ಶಾಸನ ಸಂಗ್ರಹಾಲಯದಲ್ಲಿರುವ ಒಂದು ಅಮೃತಶಿಲೆಯ ಕಥೆಯನ್ನೇ ಉತ್ತರವಾಗಿ ಬರೆಯುತ್ತೇನೆ.

ಕ್ರಿ.ಪೂ. ಐದನೆಯ ಶತಮಾನದ ಅಥೆನ್ಸಿನ ರೂವಾರಿಗಳು ಪದಗಳ ನಡುವೆ ತೆರಪು ಬಿಡದೆ, ಒಂದೊಂದು ಅಕ್ಷರವನ್ನೂ ಮೇಲಿನ ಸಾಲಿನ ಅಕ್ಷರದ ನೇರ ಕೆಳಗೆ, ಚದುರಂಗದ ಮನೆಗಳಂತೆ ಕೂರಿಸುತ್ತಿದ್ದರು. ಈ ಕ್ರಮಕ್ಕೆ ಸ್ತೊಯ್ಖೆದೋನ್ ಎಂದು ಹೆಸರು. ಸಾಲಿನ ಉದ್ದ ತಿಳಿದರೆ ಕಳೆದುಹೋದ ಅಕ್ಷರಗಳೆಷ್ಟೆಂದು ಎಣಿಸಬಹುದು. ಕಲ್ಲಿನ ಮೇಲೆ ಒದ್ದೆ ಕಾಗದವಿಟ್ಟು ಕುಂಚದಿಂದ ತಟ್ಟಿ ಪಡಿಯಚ್ಚು ತೆಗೆಯುತ್ತಾರೆ. ನಮ್ಮ ಶಾಸನಗಳಿಗೆ ಮಾಡುವಂತೆ ಮಸಿ ಹಚ್ಚುವುದಿಲ್ಲ, ಒಣಗಿದ ಕಾಗದದ ಉಬ್ಬುತಗ್ಗುಗಳನ್ನು ಓರೆ ಬೆಳಕಿಗೆ ಹಿಡಿದು ಓದುತ್ತಾರೆ.

ನಾನು ಹೇಳಹೊರಟ ಕಲ್ಲು ಸಿಸಿಲಿಯ ಎಗೆಸ್ತಾ ನಗರದೊಡನೆ ಅಥೆನ್ಸ್ ಮಾಡಿಕೊಂಡ ಮೈತ್ರಿಯದು. ಅಥೆನ್ಸಿನಲ್ಲಿ ವರ್ಷವನ್ನು ಆ ವರ್ಷದ ಅರ್ಖೋನ್ ಎಂಬ ಅಧಿಕಾರಿಯ ಹೆಸರಿನಿಂದ ಗುರುತಿಸುತ್ತಿದ್ದರು. ಈ ಸವೆದ ಕಲ್ಲಿನಲ್ಲಿ ಆ ಹೆಸರಿನ ಕೊನೆಯ ಎರಡು ಅಕ್ಷರಗಳಷ್ಟೇ ('ಒ' ಮತ್ತು 'ನ್') ನಿಚ್ಚಳವಾಗಿವೆ. ಕ್ರಿ.ಪೂ. 458ರ ಹಾಬ್ರೋನ್, 454ರ ಅರಿಸ್ತೋನ್, 418ರ ಅಂತಿಫೋನ್ ಮೂವರ ಹೆಸರೂ ಹಾಗೆಯೇ ಮುಗಿಯುತ್ತದೆ. ತಮಾಷೆಯೆಂದರೆ, ಹಳೆಯ ಅಥೆನ್ಸ್ ಲಿಪಿಯಲ್ಲಿ ಕಡೆಯ ಇಬ್ಬರ ಹೆಸರಿಗೂ ಏಳೇ ಅಕ್ಷರ. ನಂಬಿದ ಎಣಿಕೆಯೇ ಇಲ್ಲಿ ಕೈಕೊಡುತ್ತದೆ.

ಈ ಶಾಸನದಲ್ಲಿ ಸಿಗ್ಮಾ ಎಂಬ ಗ್ರೀಕ್ 'ಸ' ಅಕ್ಷರಕ್ಕೆ ನಾಲ್ಕರ ಬದಲು ಮೂರು ಗೀಟುಗಳಿವೆ. ಅಂಥ ಸಿಗ್ಮಾ ಸುಮಾರು ಕ್ರಿ.ಪೂ. 446ರ ನಂತರ ಬಳಕೆಯಲ್ಲಿರಲಿಲ್ಲವೆಂಬ ನಿಯಮವನ್ನು ಹಿಡಿದು, ಮೈತ್ರಿ ಹಳೆಯದೇ ಎಂದು ಬಹುಪಾಲು ವಿದ್ವಾಂಸರು ವಾದಿಸಿದ್ದರು. ಇತಿಹಾಸಕಾರ ಹೆರಾಲ್ಡ್ ಮ್ಯಾಟಿಂಗ್ಲಿ ಮಾತ್ರ 1960ರ ದಶಕದಿಂದಲೇ ಆ ನಿಯಮವನ್ನು ಒಪ್ಪಲಿಲ್ಲ. 1990ರಲ್ಲಿ ಮಾರ್ಟಿಮರ್ ಚೇಂಬರ್ಸ್ ಮತ್ತು ಸಂಗಡಿಗರು ಲೇಸರ್ ಬೆಳಕಿನ ನೆರವಿನಿಂದ ಪರೀಕ್ಷಿಸಿ, ಹೆಸರಿನ ಆ ಎರಡು ಅಕ್ಷರಗಳಿಗೆ ಮೊದಲು ಮಾಸಿದ 'ಫಿ', ಅಂದರೆ ಗ್ರೀಕ್ 'ಫ' ಅಕ್ಷರ, ಇದೆಯೆಂದು ಪ್ರಕಟಿಸಿದರು. ಅಂತಿಫೋನ್ ಎಂಬ ಪಾಠವನ್ನು ಈಗ ಹೆಚ್ಚಿನವರು ಒಪ್ಪಿದ್ದಾರೆ, ಮೈತ್ರಿಯೂ ಕ್ರಿ.ಪೂ. 415ರಲ್ಲಿ ಅಥೆನ್ಸ್ ಸಿಸಿಲಿಗೆ ಹೊರಟ ದಂಡಯಾತ್ರೆಯ ಹೊಸ್ತಿಲಿಗೆ ಬಂದು ನಿಂತಿದೆ.

ಅಚ್ಚಾದ ಪಾಠಗಳಲ್ಲಿ ಊಹಿಸಿದ ಅಕ್ಷರಗಳನ್ನು ಚೌಕ ಆವರಣದೊಳಗೆ ಹಾಕುತ್ತಾರೆ, ಅನುಮಾನವಿದ್ದ ಅಕ್ಷರದ ಕೆಳಗೆ ಚುಕ್ಕೆ ಇಡುತ್ತಾರೆ. ಪಾಠಕ್ಕಿಂತ ಮೊದಲು ಆ ಚುಕ್ಕೆಗಳನ್ನು ನೋಡುವುದು ನನಗೀಗ ಅಭ್ಯಾಸವಾಗಿದೆ. ಆ ಕಲ್ಲಿನ ಮುಂದೆ ನಿಂತಾಗ ನನಗೂ 'ಫಿ' ಕಂಡಿತು. ಆದರೆ ಅಲ್ಲಿ ಏನಿರಬೇಕೆಂದು ನಾನು ಮೊದಲೇ ಓದಿಕೊಂಡು ಹೋಗಿದ್ದೆ.

ನಿನ್ನ ಗೆಳೆಯ