ಜಾಫ್ನಾ ಬರಹದಲ್ಲಿ ಬಿಟ್ಟುಹೋದದ್ದು

ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಬಂದ, ಶ್ರೀಲಂಕಾದ ಉತ್ತರ ತುದಿಯ ತಮಿಳರ ಊರು ಜಾಫ್ನಾದ ಪ್ರವಾಸದ ಬರಹ ಓದಿದೆ. ಫೋಟೊಗಳು ಚೆನ್ನಾಗಿದ್ದವು. ಆದರೆ ಅಲ್ಲಿನ ಗ್ರಂಥಾಲಯದ ಚಿತ್ರದ ಕೆಳಗೆ ಬರೀ ‘ಬೆಳ್ಳಗೆ ಹೊಳೆಯುವ ಕಟ್ಟಡ’ ಅಂತ ಬರೆದು ಮುಗಿಸಿದ್ದನ್ನು ನೋಡಿ ಸುಮ್ಮನಿರಲು ಆಗಲಿಲ್ಲ. ಅದು ಸುಟ್ಟುಹೋದ ಮೇಲೆ ಮತ್ತೆ ಎತ್ತಿ ನಿಲ್ಲಿಸಿದ ಕಟ್ಟಡ ಸ್ವಾಮಿ. 1981ರ ಮೇ 31ರ ರಾತ್ರಿ ಅದಕ್ಕೆ ಬೆಂಕಿ ಬಿತ್ತು. ಬಿತ್ತು ಅನ್ನುವುದೂ ತಪ್ಪು, ಹಚ್ಚಿದರು, ಹಚ್ಚಿದವರಲ್ಲಿ ಪೊಲೀಸರೂ ಇದ್ದರು. ಸುಮಾರು 97,000 ಪುಸ್ತಕ, ಜೊತೆಗೆ ಹಳೇ ತಾಳೆಗರಿಗಳು, ಎಲ್ಲ ಬೂದಿಯಾದವು. ಇದನ್ನು ಹೇಳಲು ಎರಡು ಸಾಲು ಸಾಕಾಗುತ್ತಿತ್ತು, ಅಲ್ವಾ?

ನಾನೂ ಆ ಕಡೆ ಹೋಗಿ ಬಂದವನು. ಎ9 ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗುತ್ತಾ ಕಿಲಿನೊಚ್ಚಿಯಲ್ಲಿ ಇಳಿದೆವು. ತಮಿಳರಿಗೆ ಬೇರೆ ದೇಶ ಬೇಕೆಂದು ಸರ್ಕಾರದ ವಿರುದ್ಧ ಶಸ್ತ್ರ ಹಿಡಿದಿದ್ದ ಎಲ್‌ಟಿಟಿಇ ಸಂಘಟನೆಯಿಂದ 2009ರ ಜನವರಿಯಲ್ಲಿ ಶ್ರೀಲಂಕಾ ಸೇನೆಯ ಕೈಗೆ ಬಂದ ಊರು ಅದು. ಹಿಂದಕ್ಕೆ ಸರಿಯುವಾಗ ಎಲ್‌ಟಿಟಿಇಯವರು ಉರುಳಿಸಿದ ದೊಡ್ಡ ನೀರಿನ ಟ್ಯಾಂಕ್ ಮಗ್ಗುಲಾಗಿ ಬಿದ್ದಿತ್ತು. ಅದನ್ನು ಹಾಗೇ ಬಿಟ್ಟು, ಸುತ್ತ ಚೊಕ್ಕಟ ಮಾಡಿ, ನೋಡಲು ಬರುವವರಿಗೆ ಸ್ಮಾರಕ ಮಾಡಿದ್ದರು. ಊರೊಳಗೆ ಇನ್ನೊಂದು ಸ್ಮಾರಕವಿದೆ: ದೊಡ್ಡ ಕಾಂಕ್ರೀಟ್ ಗೋಡೆ, ಅದನ್ನು ಸೀಳಿಕೊಂಡು ಹೋದ ಶೆಲ್, ಮೇಲೆ ಅರಳಿದ ತಾವರೆ. ಮುಂದೆ ಎಲಿಫೆಂಟ್ ಪಾಸ್. ಎರಡೂ ಕಡೆ ಹಿನ್ನೀರು, ಮಧ್ಯೆ ಸಪೂರ ದಾರಿ, ಕಣ್ಣು ಹಾಯಿಸಿದಷ್ಟೂ ಬಯಲು. ಈ ಒಂದು ದಾರಿಗಾಗಿ ಯಾಕೆ ಅಷ್ಟು ಜನ ಸತ್ತರು ಅನ್ನುವುದು ಅಲ್ಲಿ ನಿಂತರೆ ತಾನಾಗಿ ತಿಳಿಯುತ್ತದೆ: ಜಾಫ್ನಾಗೆ ನೆಲದ ಮೇಲೆ ಹೋಗುವ ಮುಖ್ಯ ಬಾಗಿಲೇ ಅದು. 1991ರಲ್ಲಿ ಎಲ್‌ಟಿಟಿಇ ನುಗ್ಗಿಸಿದ ಬುಲ್ಡೋಜರನ್ನು ಒಬ್ಬ ಸೈನಿಕ ಪ್ರಾಣ ಕೊಟ್ಟು ತಡೆದ. ಆ ಬುಲ್ಡೋಜರ್ ಇನ್ನೂ ರಸ್ತೆ ಪಕ್ಕದಲ್ಲಿದೆ.

ಇಷ್ಟೆಲ್ಲ ನೋಡಿ ಆದ ಮೇಲೆ ನನಗೆ ಹೊಳೆದದ್ದು ಇದು. ಹೆದ್ದಾರಿ ಬದಿಯಲ್ಲಿ ಕಾಣುವ ಸ್ಮಾರಕಗಳೆಲ್ಲ ಗೆದ್ದವರದ್ದು. ಎಲ್‌ಟಿಟಿಇಯಲ್ಲಿ ಸತ್ತವರ ಸಮಾಧಿಗಳ ಮೇಲೆ ಬುಲ್ಡೋಜರ್ ಓಡಿತು. ಸರಿ, ಅವರು ಶಸ್ತ್ರ ಹಿಡಿದವರು ಅನ್ನೋಣ. ಶಸ್ತ್ರ ಹಿಡಿಯದ ಸಾಮಾನ್ಯ ಜನರ ಕಥೆ? 2009ರ ಮೇ ತಿಂಗಳಲ್ಲಿ ಮುಳ್ಳಿವಾಯ್ಕಾಲ್‌ನ ಸಣ್ಣ ಕಡಲ ತೀರದಲ್ಲಿ ಯುದ್ಧ ಮುಗಿಯಿತು. ಒಂದು ಕಡೆ ಸೇನೆಯ ಶೆಲ್ ದಾಳಿ, ಇನ್ನೊಂದು ಕಡೆ ಜನರನ್ನು ಹೊರಗೆ ಹೋಗಲು ಬಿಡದ ಎಲ್‌ಟಿಟಿಇ. ಕೊನೆಯ ತಿಂಗಳುಗಳಲ್ಲಿ ಸತ್ತ ನಾಗರಿಕರು 40,000ದವರೆಗೂ ಇರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. ಅವರ ನೆನಪಿಗೆ ಜಾಫ್ನಾ ವಿಶ್ವವಿದ್ಯಾಲಯದಲ್ಲಿ ಕಟ್ಟಿದ ಸ್ಮಾರಕವನ್ನು 2021ರ ಜನವರಿಯಲ್ಲಿ ರಾತ್ರೋರಾತ್ರಿ ಕೆಡವಿದರು. ಗಲಾಟೆಯಾಗಿ ಮತ್ತೆ ಕಟ್ಟಬೇಕಾಯಿತು, ಅದು ಬೇರೆ ಮಾತು.

ತಮಿಳರ ನೋವು ಮಾತ್ರ ಬರೆದರೂ ಅರ್ಧವೇ ಆಗುತ್ತದೆ. 1990ರ ಅಕ್ಟೋಬರ್‌ನಲ್ಲಿ ಎಲ್‌ಟಿಟಿಇ ಉತ್ತರದ ಮುಸ್ಲಿಮರನ್ನು ಮನೆ ಬಿಟ್ಟು ಓಡಿಸಿತು. ಜಾಫ್ನಾ ಪಟ್ಟಣದಲ್ಲಂತೂ ಹೊರಡಲು ಕೊಟ್ಟದ್ದು ಎರಡೇ ಗಂಟೆ. ಅವರು ಬಿಟ್ಟುಹೋದ ಬೀದಿಗಳನ್ನು ನಮಗೆ ಯಾರೂ ತೋರಿಸಲಿಲ್ಲ, ನಾವೂ ಕೇಳಲಿಲ್ಲ. ಆ ಕಥೆ ಗೊತ್ತಾದದ್ದೇ ವಾಪಸ್ ಬಂದು ಓದಿದ ಮೇಲೆ. ನಾಚಿಕೆಯಾಯಿತು.

ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಖಂಡಿತ ಹೋಗಲಿ, ಪ್ರವಾಸಿಗರು ಬಂದರೆ ಅಲ್ಲಿಯವರಿಗೂ ನಾಲ್ಕು ಕಾಸು ಸಿಗುತ್ತದೆ. 1990ರಲ್ಲಿ ನಿಂತ ಜಾಫ್ನಾ ರೈಲು 2014ರಲ್ಲಿ ಮತ್ತೆ ಶುರುವಾಯಿತು. ಆದರೆ ನಿಮ್ಮ ಬರಹ ಓದಿ ಹೊರಡುವವರಿಗೆ ಒಂದು ಎಚ್ಚರಿಕೆ ಬೇಕಿತ್ತು. ಯುದ್ಧ ನಡೆದ ಜಾಗಗಳಲ್ಲಿ ನೆಲಬಾಂಬ್ ತೆಗೆಯುವ ಕೆಲಸ ಯುದ್ಧ ಮುಗಿದು ಹತ್ತು ವರ್ಷ ಕಳೆದ ಮೇಲೂ ನಡೆಯುತ್ತಲೇ ಇತ್ತು, ಎಲಿಫೆಂಟ್ ಪಾಸ್ ದಾಟಿ ಜಾಫ್ನಾ ದಾರಿಯಲ್ಲಿ ಸಿಗುವ ಮುಹಮಾಲೈ ಸುತ್ತ ಅದು ಜಾಸ್ತಿ. ತಲೆ ಹಾರಿಹೋಗಿ ಬರೀ ಕಾಂಡ ನಿಂತ ತಾಳೆ ಮರಗಳ ಫೋಟೊ ಬೇಕೆಂದು ನಾನು ರಸ್ತೆ ಬಿಟ್ಟು ಇಳಿಯಲು ಹೋದಾಗ ನಮ್ಮ ಡ್ರೈವರ್ ತೋಳು ಹಿಡಿದು ಎಳೆದುಬಿಟ್ಟರು. ಸ್ವಲ್ಪ ದೂರದಲ್ಲಿ ತಲೆಬುರುಡೆ ಬರೆದ ಕೆಂಪು ಫಲಕ ಇತ್ತು. ನಾನು ಕ್ಯಾಮೆರಾ ನೋಡುತ್ತಿದ್ದೆ, ಅದು ಕಾಣಲೇ ಇಲ್ಲ.

ಮುಂದಿನ ಸಲ ಇಂಥ ಊರಿನ ಬಗ್ಗೆ ಹಾಕುವಾಗ ಅಲ್ಲಿಯೇ ಹುಟ್ಟಿ ಬೆಳೆದವರಿಂದ ಒಂದು ಬರಹ ಬರೆಸಿ, ಕನ್ನಡಕ್ಕೆ ಮಾಡಿಸಿ. ಹೋಟೆಲ್, ಬಸ್ಸಿನ ಮಾಹಿತಿಯನ್ನು ಪಕ್ಕದ ಬಾಕ್ಸಿನಲ್ಲಿ ಹಾಕಿದರೆ ಸಾಕು.

ಇತಿ,
ನಿಮ್ಮ ಹಳೆಯ ಓದುಗ