ಇನ್ಮೇಲೆ ಸರ್ವಿಸ್ ತಿಂಗಳ ಲೆಕ್ಕದಲ್ಲಿ ಅಲ್ಲ, ಗಂಟೆ ಲೆಕ್ಕದಲ್ಲಿ

ನಮಸ್ಕಾರ.

ನಮ್ಮಲ್ಲಿ ಡರ್ಟ್ ಬೈಕ್ (ಮಣ್ಣು, ಕಾಡುದಾರಿಯಲ್ಲಿ ಓಡಿಸುವ ಬೈಕ್) ತೆಗೆದುಕೊಂಡವರಿಗೆ, ತೆಗೆದುಕೊಳ್ಳಬೇಕು ಅಂತ ವಿಚಾರಿಸಿ ಹೋದವರಿಗೆ, ಎಲ್ಲರಿಗೂ ಈ ಪತ್ರ. ಮುಂದಿನ ತಿಂಗಳಿಂದ ಎರಡು ವಿಷಯ ಬದಲಾಗುತ್ತವೆ. ಮೂರು ತಿಂಗಳಿಗೊಮ್ಮೆ ಮಾಡಿಕೊಡುತ್ತಿದ್ದ ಸರ್ವಿಸ್ ನಿಲ್ಲಿಸಿ, ಎಂಜಿನ್ ಎಷ್ಟು ಗಂಟೆ ಓಡಿದೆ ಅಂತ ನೋಡಿ ಸರ್ವಿಸ್ ಮಾಡುತ್ತೇವೆ. ಇನ್ನೊಂದು, ಮೊದಲ ಸಲ ಡರ್ಟ್ ಬೈಕ್ ಕೊಳ್ಳುವವರಿಗೆ ಮೋಟೋಕ್ರಾಸ್ ರೇಸ್ ಬೈಕ್, ಅಂದರೆ ಗುಡ್ಡ-ಗುಂಡಿಯ ಮಣ್ಣಿನ ಟ್ರ್ಯಾಕಿನಲ್ಲಿ ರೇಸಿಗೆಂದೇ ಮಾಡಿದ ಬೈಕ್, ಮಾರುವುದಿಲ್ಲ. ಎರಡನೆಯದನ್ನು ಓದಿ ಕೆಲವರಿಗೆ ಸಿಟ್ಟು ಬರುತ್ತದೆ ಅಂತ ಗೊತ್ತು. ಕಾರಣ ಪೂರ್ತಿ ಓದಿ, ಆಮೇಲೆ ಬೇಕಾದರೆ ಬಂದು ಜಗಳ ಆಡಿ.

ಮೊದಲು ಗಂಟೆಯ ವಿಷಯ. ರಸ್ತೆ ಬೈಕಿಗೆ ಕಿಲೋಮೀಟರ್ ಲೆಕ್ಕ ಸರಿಹೋಗುತ್ತದೆ. ಡರ್ಟ್ ಬೈಕ್ ಹಾಗಲ್ಲ, ಮರಳಿನಲ್ಲಿ ಸಿಕ್ಕಿ ಹಿಂದಿನ ಚಕ್ರ ಗಿರಗಿರ ತಿರುಗುತ್ತಿರುತ್ತದೆ, ಎಂಜಿನ್ ಕಿರುಚುತ್ತಿರುತ್ತದೆ, ಬೈಕ್ ಮಾತ್ರ ನಿಂತಲ್ಲೇ ಇರುತ್ತದೆ. ಕಿಲೋಮೀಟರ್ ಎಲ್ಲಿಂದ ಬರಬೇಕು? ತಿಂಗಳ ಲೆಕ್ಕ ಇನ್ನೂ ಕೆಟ್ಟದ್ದು. ಒಬ್ಬರು ವಾರಕ್ಕೆ ಎರಡು ಸಲ ಧೂಳಿನ ಟ್ರ್ಯಾಕಿಗೆ ಹೋಗುತ್ತಾರೆ, ಇನ್ನೊಬ್ಬರ ಬೈಕ್ ಶೆಡ್ಡಿನಲ್ಲಿ ಹೊದಿಕೆ ಹೊದ್ದು ಮಲಗಿರುತ್ತದೆ. ಇಬ್ಬರಿಗೂ ಒಂದೇ ದಿನ ಆಯಿಲ್ ಬದಲಾಯಿಸಿದರೆ ಒಬ್ಬರ ಎಂಜಿನ್ ಸವೆದಿರುತ್ತದೆ, ಇನ್ನೊಬ್ಬರ ದುಡ್ಡು ಸುಮ್ನೆ ಹೋಗಿರುತ್ತದೆ.

ಅದಕ್ಕೇ ನಮ್ಮಲ್ಲಿ ಕೊಂಡ ಪ್ರತಿ ಬೈಕಿಗೂ ಗಂಟೆ ಎಣಿಸುವ ಅವರ್ ಮೀಟರ್ ಹಾಕಿಕೊಡುತ್ತೇವೆ, ಇದಕ್ಕೆ ದುಡ್ಡಿಲ್ಲ. ಬೆಂಕಿಪೊಟ್ಟಣಕ್ಕಿಂತ ದೊಡ್ಡದೇನಲ್ಲ. ಅದರ ತಂತಿಯನ್ನು ಸ್ಪಾರ್ಕ್ ಪ್ಲಗ್ ವೈರಿಗೆ ಸುತ್ತಿದರೆ ಎಂಜಿನ್ ಓಡುವಾಗ ಮಾತ್ರ ಎಣಿಸುತ್ತದೆ. ರೇಸ್ ಬೈಕುಗಳ ಕಂಪನಿ ಮ್ಯಾನ್ಯುಯಲ್ ತೆರೆದು ನೋಡಿ, ಅಲ್ಲಿಯೂ ಆಯಿಲ್, ವಾಲ್ವ್, ಪಿಸ್ಟನ್ ಎಲ್ಲಕ್ಕೂ ಸಾಮಾನ್ಯವಾಗಿ ಗಂಟೆಯನ್ನು ಬರೆದಿರುತ್ತಾರೆ. ಹೌದು, ಪಿಸ್ಟನ್ನಿಗೂ.

ಇಲ್ಲಿಂದಲೇ ಎರಡನೇ ವಿಷಯಕ್ಕೆ ಬರೋಣ. 450 ಸಿಸಿ ಮೋಟೋಕ್ರಾಸ್ ಬೈಕ್ ಅಂದರೆ ಸುಮಾರು 110 ಕೆಜಿ ತೂಕಕ್ಕೆ 50 ಎಚ್‌ಪಿಗಿಂತ ಜಾಸ್ತಿ ಶಕ್ತಿ. ಸೀಟು ನೆಲದಿಂದ 950 ಮಿಲಿಮೀಟರಿಗಿಂತ ಮೇಲೆ. ಒಳಗೆ ಇರುವುದು ಸುಮಾರು ಒಂದು ಲೀಟರ್ ಆಯಿಲ್, ಅದೂ ಬೇಗ ಕೆಡುತ್ತದೆ. ಆ ಎಂಜಿನ್ನಿನಲ್ಲಿ ಪಿಸ್ಟನ್ ಅಂದರೆ ಟೈರ್ ಥರ, ಸವೆಯುವ ಸಾಮಾನು. ಹೊಸಬರು ಅದನ್ನು ಹತ್ತಿದಾಗ ಕಲಿಯುವುದು ಕಡಿಮೆ, ಬಿಗಿಯಾಗಿ ಹಿಡಿದುಕೊಂಡಿರುವುದೇ ಜಾಸ್ತಿ. ಗುಂಡಿಯಲ್ಲಿ ಬೈಕ್ ಎಗರಿದಾಗ ಮೈ ಹಿಂದಕ್ಕೆ ಹೋಗುತ್ತದೆ, ಕೈ ತಾನಾಗಿಯೇ ಥ್ರಾಟಲ್ ಎಳೆಯುತ್ತದೆ, ಬೈಕ್ ಇನ್ನಷ್ಟು ಮುಂದಕ್ಕೆ ನುಗ್ಗುತ್ತದೆ. ಆಮೇಲೆ ಏನಾಗುತ್ತದೆ ಅಂತ ಬರೆಯಬೇಕಾಗಿಲ್ಲ, ಅಲ್ವಾ.

ಹೊಸಬರಿಗೆ ನಾವು ತೋರಿಸುವುದು ಟ್ರೇಲ್ ಬೈಕ್, ರೇಸಿಗಲ್ಲ, ಕಾಡುದಾರಿಯಲ್ಲಿ ಆರಾಮವಾಗಿ ಓಡಿಸಲು ಮಾಡಿದ್ದು. ಏರ್ ಕೂಲ್ಡ್ ಫೋರ್ ಸ್ಟ್ರೋಕ್, ಮೆತ್ತಗಿನ ಸಸ್ಪೆನ್ಷನ್, ಕೆಳಗಿನ ಆರ್‌ಪಿಎಮ್‌ನಲ್ಲೇ (ಎಂಜಿನ್ ನಿಧಾನ ತಿರುಗುವಾಗಲೇ) ಹದವಾಗಿ ಎಳೆಯುವ ಎಂಜಿನ್. ಉದಾಹರಣೆಗೆ ಯಮಹಾ ಟಿಟಿ-ಆರ್125ಎಲ್‌ಇ: ಸೀಟು 805 ಮಿಲಿಮೀಟರ್, ತೂಕ 90 ಕೆಜಿ ಆಸುಪಾಸು. ಹೋಂಡಾ ಸಿಆರ್‌ಎಫ್125ಎಫ್, ಕವಾಸಾಕಿ ಕೆಎಲ್‌ಎಕ್ಸ್140ಆರ್ ಇದೇ ಜಾತಿಯವು. ದೊಡ್ಡ ಆಳಾದರೆ 230, 250 ಸಿಸಿಯ ಟ್ರೇಲ್ ಬೈಕುಗಳಿವೆ. ಇವುಗಳಲ್ಲಿ ನೋಡಲು ಹೊಳಪು ಕಡಿಮೆ, ಗೆಳೆಯರೆದುರು ಹೇಳಿಕೊಳ್ಳಲು ದೊಡ್ಡ ನಂಬರೂ ಇಲ್ಲ. ಆದರೆ ವರ್ಷಗಟ್ಟಲೆ ಓಡುತ್ತವೆ.

ಸಿಸಿ ನೋಡಿ ಮಾತ್ರ ಆರಿಸಬೇಡಿ. 125 ಅಂದರೆ ಸಣ್ಣದು, ಸುಲಭ ಅಂದುಕೊಂಡು ಟೂ ಸ್ಟ್ರೋಕ್ (ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಎಂಜಿನ್ನಿನ) 125 ಮೋಟೋಕ್ರಾಸ್ ಬೈಕ್ ಕೇಳುವವರು ತುಂಬಾ ಇದ್ದಾರೆ. ಅದರಲ್ಲಿ ಕೆಳಗಿನ ಆರ್‌ಪಿಎಮ್‌ನಲ್ಲಿ ಏನೂ ಇರುವುದಿಲ್ಲ, ಮೇಲಕ್ಕೆ ಹೋದಂತೆ ಶಕ್ತಿ ಒಮ್ಮೆಲೇ ಬಂದು ಬೀಳುತ್ತದೆ. ಫೋರ್ ಸ್ಟ್ರೋಕ್ ಟ್ರೇಲ್ 125ಕ್ಕೂ ಅದಕ್ಕೂ ನಂಬರ್ ಬಿಟ್ಟರೆ ಹೋಲಿಕೆಯೇ ಇಲ್ಲ.

ಇನ್ನು ಮೇಲೆ ಬೈಕ್ ನೋಡಲು ಬರುವಾಗ ಬೂಟ್ ಹಾಕಿಕೊಂಡು ಬನ್ನಿ. ಬೈಕ್ ಮೇಲೆ ಕೂತಾಗ ಎರಡೂ ಕಾಲಿನ ಮುಂಗಾಲು ನೆಲಕ್ಕೆ ಊರಬೇಕು, ಇಲ್ಲದಿದ್ದರೆ ಒಂದು ಕಾಲಾದರೂ ಗಟ್ಟಿಯಾಗಿ ಊರಬೇಕು. ಆಮೇಲೆ ಬೈಕನ್ನು ನಾವೇ ನೆಲಕ್ಕೆ ಮಲಗಿಸುತ್ತೇವೆ, ನೀವೊಬ್ಬರೇ ಎತ್ತಿ ನಿಲ್ಲಿಸಬೇಕು. ಇದು ನಾಟಕ ಅಲ್ಲ. ಮೊದಲ ದಿನವೇ ಬೈಕ್ ಹತ್ತಾರು ಸಲ ಬೀಳುತ್ತದೆ, ಪ್ರತಿ ಸಲ ಎತ್ತಲು ಸುಸ್ತಾದವರು ಸಂಜೆ ಹೊತ್ತಿಗೆ ಓಡಿಸುವ ಸ್ಥಿತಿಯಲ್ಲೇ ಇರುವುದಿಲ್ಲ. ಮಕ್ಕಳಿಗೆ ಕೊಡಿಸುವವರು "ಮುಂದೆ ಬೆಳೆಯುತ್ತಾನಲ್ಲ" ಅಂತ ದೊಡ್ಡದು ಕೇಳಬೇಡಿ. ಅಂಗಿಗೆ ಆ ಲೆಕ್ಕ ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ. ನಿಮ್ಮ ತೂಕ ನೋಡಿ ಸಸ್ಪೆನ್ಷನ್ನಿನ ಸ್ಯಾಗ್ (ನೀವು ಕೂತಾಗ ಅದು ಎಷ್ಟು ತಗ್ಗಬೇಕು ಅನ್ನುವುದು) ನಾವು ಹೊಂದಿಸಿಕೊಡುತ್ತೇವೆ. ಮತ್ತೆ ಒಂದು ಮಾತು, ಸೈಲೆನ್ಸರ್ ಬದಲಾಯಿಸುವ ದುಡ್ಡಿದ್ದರೆ ಮೊದಲು ಬೂಟು, ಹೆಲ್ಮೆಟ್, ಮಂಡಿ ಗಾರ್ಡ್ ಕೊಳ್ಳಿ.

ಸೆಕೆಂಡ್ ಹ್ಯಾಂಡ್ ಬೈಕ್ ಬೇರೆ ಕಡೆ ನೋಡಿದ್ದರೆ ನಮ್ಮಲ್ಲಿಗೆ ತನ್ನಿ, ನೋಡಿಕೊಡುತ್ತೇವೆ. ತರಲು ಆಗದಿದ್ದರೆ ಇಷ್ಟು ಮಾಡಿ: ಎಂಜಿನ್ ಮುಟ್ಟಿ ನೋಡಿ, ನೀವು ಬರುವ ಮುಂಚೆಯೇ ಬಿಸಿಯಾಗಿದ್ದರೆ, ತಣ್ಣಗಿರುವಾಗ ಸ್ಟಾರ್ಟ್ ಆಗಲು ಕಷ್ಟಪಡುವುದನ್ನು ಮುಚ್ಚಿಡಲು ಮೊದಲೇ ಓಡಿಸಿಟ್ಟಿದ್ದಾರೋ ಏನೋ. ಏರ್ ಫಿಲ್ಟರ್ ತೆಗೆಸಿ, ಅದರ ಹಿಂದೆ ಎಂಜಿನ್ ಕಡೆಯ ಗಾಳಿ ದಾರಿಯಲ್ಲಿ ಬೆರಳಾಡಿಸಿ. ಅಲ್ಲಿ ಧೂಳು ಸಿಕ್ಕರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ.

ಯಾಕೆಂದರೆ ಈ ಬೈಕುಗಳನ್ನು ಹಾಳು ಮಾಡುವುದು ಬೀಳುವುದಲ್ಲ, ಧೂಳು. ಫಿಲ್ಟರ್ ದಾಟಿ ಒಳಗೆ ಹೋದ ಧೂಳು ಆಯಿಲ್ ಜೊತೆ ಸೇರಿ ಸಿಲಿಂಡರ್ ಗೋಡೆಯನ್ನೂ ಪಿಸ್ಟನ್ ರಿಂಗನ್ನೂ ಉಜ್ಜುತ್ತದೆ. ಫೋರ್ ಸ್ಟ್ರೋಕ್ ಆದರೆ ಇನ್‌ಟೇಕ್ ವಾಲ್ವೂ ಸವೆಯುತ್ತದೆ. ವಾಲ್ವ್ ಕ್ಲಿಯರೆನ್ಸ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ಕಡಿಮೆಯಾಗುತ್ತಾ ಬರುತ್ತದೆ, ಒಂದು ದಿನ ಬೈಕ್ ಸ್ಟಾರ್ಟ್ ಆಗುವುದೇ ಇಲ್ಲ. ಇದರ ರಿಪೇರಿ ಬಿಲ್ ನೋಡಿ ಬೇಜಾರಾಗುವವರು ನೀವು, ಅದನ್ನು ಕೈಗೆ ಕೊಡುವಾಗ ಮುಖ ತಿರುಗಿಸುವವರು ನಾವು.

ಧೂಳಿನಲ್ಲಿ ಓಡಿಸಿದ್ದರೆ ಪ್ರತಿ ಸಲ ಫಿಲ್ಟರ್ ತೆಗೆಯಿರಿ. ತೆಗೆದ ಮೇಲೆ ಗಾಳಿ ದಾರಿಗೆ ಸ್ವಚ್ಛ ಬಟ್ಟೆ ತುರುಕಿ. ಸ್ಪಂಜಿನ ಫಿಲ್ಟರನ್ನು ಪೆಟ್ರೋಲಿನಲ್ಲಿ ಅದ್ದಬೇಡಿ, ಅಂಟು ಬಿಡುತ್ತದೆ, ಬೆಂಕಿಯ ಅಪಾಯ ಬೇರೆ. ಫಿಲ್ಟರ್ ಕ್ಲೀನರ್ ಹಾಕಿ, ಆಮೇಲೆ ಸೋಪು ಬೆರೆಸಿದ ಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಒತ್ತಿ ಹಿಂಡಿ, ಬಟ್ಟೆ ಥರ ತಿರುಚಬೇಡಿ. ಪೂರ್ತಿ ಒಣಗಿದ ಮೇಲೆ ಫಿಲ್ಟರ್ ಆಯಿಲ್ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಣ್ಣ ಎಲ್ಲಾ ಕಡೆ ಒಂದೇ ಆಗುವವರೆಗೆ ನಾದಿ. ಆಯಿಲ್ ಇಲ್ಲದ ಒಣ ಸ್ಪಂಜು ಸಣ್ಣ ಧೂಳನ್ನು ತಡೆಯುವುದಿಲ್ಲ. ಅಂಚಿಗೆ ತೆಳ್ಳಗೆ ಗ್ರೀಸ್ ಹಚ್ಚಿ, ಸರಿಯಾಗಿ ಕೂತಿದೆಯಾ ಅಂತ ಬೆರಳಿನಿಂದ ಸುತ್ತ ಒತ್ತಿ ನೋಡಿ. ಇದೆಲ್ಲ ಬೇಜಾರಿನ ಕೆಲಸ ಅನ್ನುವವರು ಎರಡು ಫಿಲ್ಟರ್ ಹೆಚ್ಚಿಗೆ ಇಟ್ಟುಕೊಂಡು ಮೂರನ್ನೂ ಒಟ್ಟಿಗೇ ತೊಳೆಯಲಿ. ನಾವೂ ಹಾಗೇ ಮಾಡುತ್ತೇವೆ.

ಆಯಿಲ್ ವಿಷಯದಲ್ಲಿ, ಕಾರಿಗೆ ಹಾಕಿ ಉಳಿದದ್ದನ್ನು ಸುರಿಯಬೇಡಿ. ಫೋರ್ ಸ್ಟ್ರೋಕ್ ಬೈಕುಗಳಲ್ಲಿ ಕ್ಲಚ್ ಸಾಮಾನ್ಯವಾಗಿ ಆಯಿಲಿನಲ್ಲೇ ಮುಳುಗಿರುತ್ತದೆ, ಕಾರಿನ ಆಯಿಲಿನಿಂದ ಅದು ಜಾರಬಹುದು. ಡಬ್ಬಿ ಮೇಲೆ ಜಾಸೋ ಎಂಎ ಅಥವಾ ಎಂಎ2 (ಬೈಕ್ ಆಯಿಲಿನ ಜಪಾನಿ ಗುರುತು) ಅಂತ ಇರಬೇಕು. ಟೂ ಸ್ಟ್ರೋಕ್ ಇದ್ದವರು ಪೆಟ್ರೋಲಿಗೆ ಆಯಿಲ್ ಅಂದಾಜಿನಲ್ಲಿ ಬೆರೆಸಬೇಡಿ: 40:1 (40 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್) ಅಂದರೆ ಲೀಟರಿಗೆ 25 ಮಿಲಿ, 32:1 ಅಂದರೆ ಸುಮಾರು 31. ಯಾವುದು ಬೇಕು ಅಂತ ನಿಮ್ಮ ಬೈಕಿನ ಮ್ಯಾನ್ಯುಯಲ್ ಹೇಳುತ್ತದೆ.

ಹೊಸ ಬೈಕಿನಲ್ಲಿ ಮೊದಲ ಒಂದೆರಡು ರೈಡಿಗೇ ಸ್ಪೋಕುಗಳು ಸಡಿಲವಾಗುತ್ತವೆ, ಹಿಂದಿನ ಸ್ಪ್ರಾಕೆಟ್ ಬೋಲ್ಟುಗಳೂ ಅಷ್ಟೇ. ಅದಕ್ಕೆ ಮೊದಲ ಸರ್ವಿಸ್ ತುಂಬಾ ಬೇಗ ಇಟ್ಟಿದ್ದೇವೆ, ತಪ್ಪಿಸಬೇಡಿ. ಚೈನ್ ಬಿಗಿಯಾಗಿದ್ದರೆ ಒಳ್ಳೆಯದು ಅನ್ನುವ ನಂಬಿಕೆ ಬಿಟ್ಟುಬಿಡಿ, ನೀವು ಕೂತು ಸಸ್ಪೆನ್ಷನ್ ಒತ್ತಿದಾಗ ಅದು ಇನ್ನೂ ಬಿಗಿಯಾಗಿ ಗೇರ್‌ಬಾಕ್ಸಿನ ಬೇರಿಂಗನ್ನು ತಿನ್ನುತ್ತದೆ. ಟ್ಯೂಬ್ ಇರುವ ಟೈರಿಗೆ 12ರಿಂದ 15 ಪಿಎಸ್ಐ ಗಾಳಿ ಸಾಮಾನ್ಯವಾಗಿ ಸಾಕು, ಕಲ್ಲು ಜಾಸ್ತಿ ಇರುವ ಜಾಗದಲ್ಲಿ ಸ್ವಲ್ಪ ಏರಿಸಿ. ತೊಳೆಯುವಾಗ ಪ್ರೆಷರ್ ಪೈಪನ್ನು ಚಕ್ರದ ಬೇರಿಂಗ್, ಫೋರ್ಕ್ ಸೀಲ್, ಲಿಂಕೇಜ್ (ಹಿಂದಿನ ಸಸ್ಪೆನ್ಷನ್ನಿನ ಕೀಲುಗಳು) ಕಡೆ ನೇರ ಹಿಡಿಯಬೇಡಿ, ಗ್ರೀಸ್ ಹೊರಗೆ ಹೋಗಿ ನೀರು ಒಳಗೆ ಕೂರುತ್ತದೆ.

ಈಗಾಗಲೇ ಮೂರು ತಿಂಗಳ ಸರ್ವಿಸ್ಸಿಗೆ ಮುಂಗಡ ಕಟ್ಟಿದವರಿಗೆ ನಷ್ಟ ಇಲ್ಲ. ಉಳಿದ ಪ್ರತಿ ಸರ್ವಿಸ್ಸಿಗೆ ಗಂಟೆ ಲೆಕ್ಕದ ಒಂದು ಸರ್ವಿಸ್ ಸಿಗುತ್ತದೆ. ಬೇಡ ಅನ್ನುವವರಿಗೆ ದುಡ್ಡು ವಾಪಸ್. ನಿಮ್ಮ ಬೈಕಿಗೆ ಎಷ್ಟು ಗಂಟೆಗೆ ಏನು ಮಾಡಬೇಕು ಅನ್ನುವ ಚೀಟಿಯನ್ನು ಮೀಟರ್ ಹಾಕುವಾಗಲೇ ಕೊಡುತ್ತೇವೆ, ಟ್ರೇಲ್ ಬೈಕಿಗೂ ರೇಸ್ ಬೈಕಿಗೂ ಅದು ಬೇರೆ ಬೇರೆ. ಈಗಾಗಲೇ ರೇಸ್ ಬೈಕ್ ಇರುವವರ ಕೆಲಸ ಎಂದಿನಂತೆ ನಡೆಯುತ್ತದೆ. ಹೊಸಬರು ಟ್ರೇಲ್ ಬೈಕಿನಲ್ಲಿ ಕಲಿತು ಮುಂದೆ ದೊಡ್ಡದಕ್ಕೆ ಹೋಗಬೇಕು ಅಂದಾಗ, ನಮ್ಮಲ್ಲೇ ಕೊಂಡ ಬೈಕನ್ನು ವಾಪಸ್ ತೆಗೆದುಕೊಂಡು ಅದರ ಬೆಲೆಯನ್ನು ದೊಡ್ಡ ಬೈಕಿನ ಬೆಲೆಯಲ್ಲಿ ಕಳೆಯುತ್ತೇವೆ. ಆಗ ಮೀಟರ್ ಎಷ್ಟು ತೋರಿಸುತ್ತದೆ, ಫಿಲ್ಟರ್ ಹಿಂದೆ ಧೂಳಿದೆಯಾ ಅನ್ನುವುದನ್ನು ಮೊದಲು ನೋಡುತ್ತೇವೆ.

ಮೀಟರ್ ಹಾಕಿಸಲು ಬರುವ ಮುಂಚೆ ಒಂದು ಫೋನ್ ಮಾಡಿ, ಎಲ್ಲರೂ ಒಂದೇ ದಿನ ಬಂದರೆ ಕಾಯಬೇಕಾಗುತ್ತದೆ. ಬೈಕನ್ನು ಕೆಸರು ತೊಳೆದು ತನ್ನಿ, ದಯವಿಟ್ಟು.

ಇಂತಿ,
ನಿಮ್ಮ ವರ್ಕ್‌ಶಾಪಿನವರು